ಗೇಮ್ ರೆಕಾರ್ಡಿಂಗ್ ಇಡೋಕೆ 1 ಟಿಬಿ ಸಾಕಾಗುತ್ತಾ?

ಪ್ರಶ್ನೆ: ಸರ್, ದಿನಾ 2 ಗಂಟೆ ಗೇಮ್ ಆಡೋದನ್ನ ಓಬಿಎಸ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಮಾಡ್ತೀನಿ, 1080ಪಿ 60 ಎಫ್‌ಪಿಎಸ್, ಬಿಟ್‌ರೇಟ್ 40 ಎಂಬಿಪಿಎಸ್ (ಸೆಕೆಂಡಿಗೆ 40 ಮೆಗಾಬಿಟ್). ತಿಂಗಳಿಂದೆಲ್ಲಾ ಹಂಗೇ ಇಟ್ಕೊಂಡು ಕೊನೇಲಿ ಒಟ್ಟಿಗೆ ಎಡಿಟ್ ಮಾಡೋ ಪ್ಲಾನು. 1 ಟಿಬಿ ಹಾರ್ಡ್ ಡಿಸ್ಕ್ ಸಾಕಾ? ಒಬ್ಬೊಬ್ರು ಒಂದೊಂದ್ ಹೇಳ್ತಾರೆ.

ಉತ್ತರ: ಸಾಕಾಗಲ್ಲ, ಸ್ವಲ್ಪದರಲ್ಲೇ ಕೈಕೊಡುತ್ತೆ. 1080ಪಿನಾ 4ಕೆನಾ ಅನ್ನೋದನ್ನ ಪಕ್ಕಕ್ಕಿಡಿ, ನಿಮ್ಮ ಥರ ಬಿಟ್‌ರೇಟ್ ಫಿಕ್ಸ್ ಮಾಡಿದ್ರೆ ಫೈಲ್ ಸೈಜ್ ನಿಂತಿರೋದು ಅದ್ರ ಮೇಲೆ ಮತ್ತೆ ಎಷ್ಟು ಹೊತ್ತು ರೆಕಾರ್ಡ್ ಮಾಡಿದ್ರಿ ಅನ್ನೋದ್ರ ಮೇಲೆ ಅಷ್ಟೇ. 8 ಬಿಟ್‌ಗೆ ಒಂದು ಬೈಟು, ಗಂಟೆಗೆ 3600 ಸೆಕೆಂಡು, ಹಂಗಾಗಿ 1 ಎಂಬಿಪಿಎಸ್ ಅಂದ್ರೆ ಗಂಟೆಗೆ 450 ಎಂಬಿ. ನಿಮ್ಮ 40ಕ್ಕೆ ಗಂಟೆಗೆ 18 ಜಿಬಿ, ದಿನಕ್ಕೆ 36, 30 ದಿನಕ್ಕೆ 1080 ಜಿಬಿ. ಆಡಿಯೋ ಲೆಕ್ಕಕ್ಕೇ ಬರಲ್ಲ ಬಿಡಿ, 160 ಕೆಬಿಪಿಎಸ್ ಟ್ರ್ಯಾಕ್ ಗಂಟೆಗೆ 72 ಎಂಬಿ. ಅಂದಹಾಗೆ ಡಿಸ್ಕ್ ಹಾಕಿದ್ಮೇಲೆ ವಿಂಡೋಸ್ 931 ಜಿಬಿ ಅಂತ ತೋರಿಸಿದ್ರೆ ಗಾಬರಿ ಬೇಡ, ಅದು 1024ರ ಲೆಕ್ಕ, ಡಬ್ಬದ ಮೇಲಿರೋದು 1000ದ್ದು. ಎಡಿಟಿಂಗ್ ಕ್ಯಾಶೆ, ಎಕ್ಸ್‌ಪೋರ್ಟ್ ಎಲ್ಲಾ ಇದೇ ಡಿಸ್ಕಲ್ಲೇ ಆದ್ರಂತೂ 2 ಟಿಬಿ ತಗೊಳ್ಳಿ.

ಪ್ರಶ್ನೆ: ನಾನು ಓಬಿಎಸ್ ಸೆಟ್ಟಿಂಗಲ್ಲಿ ಸಿಕ್ಯೂಪಿ ಮೋಡ್ ಇಟ್ಟಿದೀನಲ್ಲ, ಅದ್ರಲ್ಲಿ ಬಿಟ್‌ರೇಟೇ ಕೇಳಲ್ಲ, ಲೆಕ್ಕ ಹೆಂಗೆ ಹಾಕೋದು?

ಉತ್ತರ: ನೀವು ಬೇರೆಯವ್ರಾ? ಇರ್ಲಿ, ಒಳ್ಳೇ ಪ್ರಶ್ನೆ. ಸಿಕ್ಯೂಪಿ ಕ್ವಾಲಿಟಿ ಹಿಡ್ಕೊಂಡು ಸೈಜನ್ನ ಅದ್ರ ಪಾಡಿಗೆ ಬಿಡುತ್ತೆ, ಮೆನು ಸ್ಕ್ರೀನಲ್ಲಿ ಸುಮ್ನೆ ಕೂತಿದ್ರೆ ಫೈಲ್ ಅಷ್ಟಾಗಿ ಬೆಳೆಯಲ್ಲ, ಅದೇ ಹುಲ್ಲು, ಮಳೆ, ಹೊಗೆ ಇರೋ ಕಡೆ ಓಡಿದ್ರೆ ಒಂದೇ ಸಮ ಉಬ್ಬುತ್ತೆ. ಫಾರ್ಮುಲಾ ಬೇಡ, ನಿಮ್ಮ ಗೇಮಲ್ಲೇ ಅಂಥ ಗಲಾಟೆ ಸೀನ್ 10 ನಿಮಿಷ ರೆಕಾರ್ಡ್ ಮಾಡಿ 6ರಿಂದ ಗುಣಿಸಿ, ಗಂಟೆಗೆ ಅದಕ್ಕಿಂತ ಜಾಸ್ತಿ ಹೋಗೋದು ಅಪರೂಪ.

ಪ್ರಶ್ನೆ: ಮೊದಲನೆಯವನೇ ಸರ್, ಥ್ಯಾಂಕ್ಸ್. ಹಳೇ ಪೆನ್‌ಡ್ರೈವಲ್ಲಿ ಟ್ರೈ ಮಾಡಿದ್ರೆ ಜಾಗ ಇದ್ರೂ ಕಾಲು ಗಂಟೆಯೊಳಗೆ ನಿಂತೋಗುತ್ತೆ, ಯಾಕೆ?

ಉತ್ತರ: ಆ ಪೆನ್‌ಡ್ರೈವ್ ಫ್ಯಾಟ್32 ಅನ್ನೋ ಹಳೇ ಫಾರ್ಮ್ಯಾಟಲ್ಲಿ ಇರಬೇಕು, ಅದ್ರಲ್ಲಿ ಒಂದು ಫೈಲು 4 ಜಿಬಿ ದಾಟಂಗಿಲ್ಲ, ನಿಮ್ಮ ಬಿಟ್‌ರೇಟ್‌ಗೆ ಅದು 14 ನಿಮಿಷಕ್ಕೇ ತುಂಬುತ್ತೆ. ಈ ಮಿತಿ ಇಲ್ಲದ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ, ಒಳಗಿರೋದನ್ನ ಮೊದ್ಲು ಕಾಪಿ ಮಾಡ್ಕೊಂಡು.