ಹೋಸ್ಟ್, ಗೆಸ್ಟ್: 'ಆತಿಥೇಯ', 'ಅತಿಥಿ' ಅಂದರೆ ಸಾಕಾ?

ಗೆಳೆಯರೇ,

ವರ್ಚುವಲ್ ಮಷೀನ್ ಬಳಸುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಹೋಸ್ಟ್, ಗೆಸ್ಟ್ ಎಂಬ ಎರಡು ಪದಗಳ ಹತ್ತಿರ ನಿಂತುಬಿಟ್ಟಿದೆ. ಹೋಸ್ಟ್ ಅಂದರೆ ನಮ್ಮೆದುರಿನ ನಿಜವಾದ ಕಂಪ್ಯೂಟರ್. ಗೆಸ್ಟ್ ಅಂದರೆ ಅದರೊಳಗೆ ಒಂದು ವಿಂಡೋದಲ್ಲಿ ಓಡುವ ಇನ್ನೊಂದು ಸಿಸ್ಟಮ್.

ಮೊದಲು ಸುಮ್ನೆ 'ಆತಿಥೇಯ', 'ಅತಿಥಿ' ಅಂತ ಬರೆದೆ. ಮಾರನೇ ದಿನ ಓದಿದರೆ ಹೀಗಿತ್ತು: "ಅತಿಥಿಯ ಫೈಲನ್ನು ಆತಿಥೇಯಕ್ಕೆ ಕಳಿಸಲು ಆತಿಥೇಯದ ಫೋಲ್ಡರನ್ನು ಅತಿಥಿಯಲ್ಲಿ ತೆರೆಯಿರಿ." ನಾನೇ ಬರೆದ ಸಾಲನ್ನು ಮೂರು ಸಲ ಓದಬೇಕಾಯಿತು! ಇಲ್ಲಿ ಗಲಿಬಿಲಿಯಾದರೆ ಕೈ ಸುಡುತ್ತದೆ. ಶೇರ್ಡ್ ಫೋಲ್ಡರ್ ಗೆಸ್ಟ್ ಒಳಗೆ ಕಂಡರೂ ಇರುವುದು ಹೋಸ್ಟ್‌ನಲ್ಲೇ. ಗೆಸ್ಟ್‌ನದೇ ಅಂದುಕೊಂಡು ನಾನೊಮ್ಮೆ ಅದನ್ನು ಖಾಲಿ ಮಾಡಿದ್ದೆ. ಹಳೆಯ ಸ್ನ್ಯಾಪ್‌ಶಾಟ್‌ಗೆ (ಗೆಸ್ಟ್ ಹಿಂದೊಮ್ಮೆ ಇದ್ದ ಸ್ಥಿತಿಯನ್ನು ಉಳಿಸಿಟ್ಟದ್ದು) ಮರಳಿದರೂ ಫೈಲುಗಳು ಬರಲಿಲ್ಲ. ಸ್ನ್ಯಾಪ್‌ಶಾಟ್ ಕಾಪಾಡುವುದು ಗೆಸ್ಟ್‌ನ ಡಿಸ್ಕನ್ನು, ಆ ಫೋಲ್ಡರನ್ನಲ್ಲ.

ವಿಭಕ್ತಿಯ ತಕರಾರು ಬೇರೆ. ಆತಿಥೇಯನಿಗೋ, ಆತಿಥೇಯಕ್ಕೋ? ಯಂತ್ರ ತಾನೇ, 'ಕ್ಕೆ' ಅಂತಿಟ್ಟುಕೊಳ್ಳೋಣ. ಆದರೆ "ಮೂರು ಅತಿಥಿಗಳು ಓಡುತ್ತಿವೆ" ಅಂದರೆ ನಗು ಬರುತ್ತದೆ. "ಮೂವರು ಅತಿಥಿಗಳು ಓಡುತ್ತಿದ್ದಾರೆ" ಅಂದರೆ ಊಟ ಬಡಿಸುವ ಮೊದಲೇ ಹೊರಟ ಹಾಗೆ. ಪತ್ರಿಕೆಗಳ ಆಟದ ಪುಟದವರು ಈ ವಿಷಯದಲ್ಲಿ ಜಾಣರು. ಒಂದು ತಂಡ 'ಆತಿಥೇಯ' ಆದರೆ ಇನ್ನೊಂದು 'ಪ್ರವಾಸಿ'. ಜೋಡಿಯಲ್ಲಿ ಕಣ್ಣು ಜಾರುವ ಮಾತೇ ಇಲ್ಲ.

ಹಾಗಾದರೆ ಹೋಸ್ಟ್, ಗೆಸ್ಟ್ ಅಂತಲೇ ಬಿಡಬಹುದಲ್ವಾ? ನೆಟ್‌ವರ್ಕಿನ ಪಾಠ ಬಂದ ಕೂಡಲೇ ಅದೂ ಕೈಕೊಡುತ್ತದೆ. ಅಲ್ಲಿ ಪ್ರತಿ ಕಂಪ್ಯೂಟರೂ ಹೋಸ್ಟೇ. ಗೆಸ್ಟ್‌ಗೂ ಒಂದು ಹೋಸ್ಟ್‌ನೇಮ್ (ನೆಟ್‌ವರ್ಕಿನಲ್ಲಿ ಅದರ ಹೆಸರು) ಇರುತ್ತದೆ. 'ಲೋಕಲ್‌ಹೋಸ್ಟ್' ಅಂದರೆ 'ಈ ಕಂಪ್ಯೂಟರೇ' ಎಂದರ್ಥ, ಹಾಗಾಗಿ ಗೆಸ್ಟ್ ಒಳಗೆ ಅದು ಗೆಸ್ಟೇ! ವರ್ಚುವಲ್ ಮಷೀನ್ ಓಡಿಸುವ ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶದ ನ್ಯಾಟ್ ವ್ಯವಸ್ಥೆಯಲ್ಲಿ (ಗೆಸ್ಟ್ ಹೋಸ್ಟ್‌ನ ಮೂಲಕ ಹೊರಗಿನ ನೆಟ್‌ವರ್ಕ್ ತಲುಪುವ ಏರ್ಪಾಡು) ಗೆಸ್ಟ್‌ನ ಮೊದಲ ನೆಟ್‌ವರ್ಕ್ ಕಾರ್ಡಿಗೆ ಸಾಮಾನ್ಯವಾಗಿ ಸಿಗುವ ವಿಳಾಸ 10.0.2.15. ಅಲ್ಲಿಂದ ಹೋಸ್ಟನ್ನು ಮಾತಾಡಿಸಲು 10.0.2.2. ಆದರೆ ಹೋಸ್ಟ್ ತಾನಾಗಿ ಗೆಸ್ಟನ್ನು ಮಾತಾಡಿಸಬೇಕಾದರೆ ಪೋರ್ಟ್ ಫಾರ್ವರ್ಡಿಂಗ್ (ಹೋಸ್ಟ್‌ನ ಒಂದು ಪೋರ್ಟಿಗೆ ಬಂದದ್ದನ್ನು ಗೆಸ್ಟ್‌ಗೆ ದಾಟಿಸುವ ಏರ್ಪಾಡು) ಮಾಡಿಕೊಡಬೇಕು. ನೆಂಟರು ಕರೆದರೆ ಮನೆಯವರಿಗೆ ಕೇಳಿಸುತ್ತದೆ, ಮನೆಯವರು ಕರೆದರೆ ನೆಂಟರಿಗೆ ಕೇಳಿಸುವುದಿಲ್ಲ. ಇಂಥದ್ದನ್ನು ವಿವರಿಸುವಾಗ ಯಾವ ಹೋಸ್ಟ್ ಅನ್ನುವುದು ಸ್ಪಷ್ಟವಾಗಿರಲೇಬೇಕು.

ನನ್ನ ಒಲವು ಒಳ, ಹೊರ ಎಂಬ ಜೋಡಿಯ ಕಡೆಗೆ. 'ಒಳಗಣಕ', 'ಹೊರಗಣಕ' ಅಂತ ಬರೆದು ನೋಡಿದೆ. ಹಳಗನ್ನಡ ಓದಿದ ಗೆಳತಿ ಅದನ್ನು 'ಒಳಗಣ-ಕ' ಅಂತ ಬಿಡಿಸಿ ಓದಿದಳು ('ಒಳಗಣ' ಅಂದರೆ ಒಳಗಿನ). ಹಾಗಾಗಿ 'ಒಳಯಂತ್ರ', 'ಹೊರಯಂತ್ರ' ಅಂತ ಬದಲಿಸಿದೆ. "ಒಳಯಂತ್ರದಲ್ಲಿ ಕಾಪಿ ಮಾಡಿದ್ದು ಹೊರಯಂತ್ರದಲ್ಲಿ ಪೇಸ್ಟ್ ಆಗಬೇಕಾದರೆ ಗೆಸ್ಟ್ ಅಡಿಶನ್ಸ್ ಹಾಕಿಕೊಳ್ಳಿ, ಕ್ಲಿಪ್‌ಬೋರ್ಡನ್ನು ಎರಡೂ ಕಡೆಗೆ ತೆರೆದಿಡಿ." ಒಂದೇ ಓದಿಗೆ ದಿಕ್ಕು ಗೊತ್ತಾಗುತ್ತದೆ. ಗೆಸ್ಟ್ ಅಡಿಶನ್ಸ್ (ಗೆಸ್ಟ್ ಒಳಗೆ ಹಾಕುವ ವರ್ಚುವಲ್‌ಬಾಕ್ಸಿನ ಪೂರಕ ತಂತ್ರಾಂಶ) ಅನ್ನುವುದನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ಮೆನುವಿನಲ್ಲಿ ಓದುಗರು ಹುಡುಕುವುದು ಅದನ್ನೇ.

ಉಳಿದಿರುವುದು ಒಂದೇ ಅನುಮಾನ. 'ಹೊರಯಂತ್ರ' ಅಂದ ಕೂಡಲೇ ಯುಎಸ್‌ಬಿಗೆ ಚುಚ್ಚುವ ಡಿಸ್ಕು, ಪ್ರಿಂಟರು ನೆನಪಾಗುತ್ತವಾ? ಮೇಲಿನ ಸಾಲಿನಲ್ಲಿ ಅದನ್ನು ಮೊದಲ ಸಲ ಓದಿದಾಗ ನಿಮಗೆ ಏನು ಹೊಳೆಯಿತು, ಹೇಳಿ.