ಗುಂಪಿನ ಪ್ರಶ್ನೋತ್ತರ: ಸ್ಪೆಕ್ಟ್ರಮ್‌ನಲ್ಲಿ ಪೀಕ್, ತಗ್ಗು ಹುಡುಕುವ ಕೋಡ್

ಪ್ರಶ್ನೆ: ನಮಸ್ಕಾರ ಮೇಡಂ. ಪೈಥಾನ್‌ನ ಸೈಪೈ ಲೈಬ್ರರಿಯ ಫೈಂಡ್ ಪೀಕ್ಸ್ ಫಂಕ್ಷನ್ ಪೀಕ್, ಅಂದರೆ ಏರಿದ ತುದಿ, ಮಾತ್ರ ಕೊಡುತ್ತದೆ. ತಗ್ಗು ಹುಡುಕೋದು ಹೇಗೆ?

ಮೇಡಂ: ನಮಸ್ಕಾರ. ಡೇಟಾಗೆ ಮೈನಸ್ ಹಾಕಿ ಅದೇ ಫಂಕ್ಷನ್‌ಗೆ ಕೊಡಿ. ಹೈಟ್ ಮಿತಿ ಇಟ್ಟಿದ್ದರೆ ಅದರ ಚಿಹ್ನೆಯನ್ನೂ ಬದಲಿಸಿ.

ಪ್ರಶ್ನೆ: ನಾಯ್ಸ್‌ಗೆಲ್ಲ ಪೀಕ್ ಅಂತ ಗುರುತು ಬೀಳುತ್ತಿದೆ.

ಮೇಡಂ: ಹೈಟ್ ಬಿಡಿ, ಪ್ರಾಮಿನೆನ್ಸ್ ಕೊಡಿ. ಪೀಕ್ ತನ್ನ ಅಕ್ಕಪಕ್ಕಕ್ಕಿಂತ ಎಷ್ಟು ಎದ್ದಿದೆ ಅಂತ ಅದು ನೋಡುತ್ತದೆ. ಡಿಸ್ಟೆನ್ಸ್, ಅಂದರೆ ಎರಡು ಪೀಕ್ ನಡುವಿನ ಕನಿಷ್ಠ ಅಂತರ, ಬಿಂದುಗಳ ಲೆಕ್ಕ, ವೇವ್‌ನಂಬರ್ (ಸ್ಪೆಕ್ಟ್ರಮ್‌ನ ಅಡ್ಡ ಅಕ್ಷದ ಅಳತೆ) ಅಲ್ಲ.

ಥೀಸಿಸ್ ವಿದ್ಯಾರ್ಥಿನಿ: ನನ್ನದು ರಾಮನ್ ಸ್ಪೆಕ್ಟ್ರಮ್ (ಚದುರಿದ ಲೇಸರ್ ಬೆಳಕಿನದು). ಈ ಗುಂಪಿಗೆ ಬಂದ ಫಾರ್ವರ್ಡ್ ನೋಡಿ ನಾಯ್ಸ್ ನಯ ಮಾಡೋ ಸವಿಟ್ಸ್ಕಿ-ಗೊಲೇ ಫಿಲ್ಟರ್ ಹಾಕಿದೆ, ವಿಂಡೋ 31 ಬಿಂದು, ಪಾಲಿನಾಮಿಯಲ್ ಆರ್ಡರ್ 3. ಒಂದು ಹೊಸ ಪೀಕ್, ಎರಡೂ ಬದಿ ತಗ್ಗು ಸಿಕ್ಕಿವೆ. ಕಚ್ಚಾ ಡೇಟಾದಲ್ಲಿ ಅಲ್ಲಿ ಎರಡೇ ಬಿಂದು ಎತ್ತರ ಇದ್ದವು. ಥೀಸಿಸ್‌ಗೆ ಹಾಕಬಹುದಾ?

ಮೇಡಂ: ದಯವಿಟ್ಟು ಹಾಕಬೇಡಿ. ಎರಡೇ ಬಿಂದು ಅಂದರೆ ನನಗೆ ಕಾಸ್ಮಿಕ್ ಕಿರಣದ ಅನುಮಾನ. ಅದು ಡಿಟೆಕ್ಟರ್‌ಗೆ ಬಡಿದರೆ ಒಂದೆರಡು ಪಿಕ್ಸೆಲ್ ಮಾತ್ರ ಚಿಮ್ಮುತ್ತವೆ. ನಿಜವಾದ ಪೀಕ್ ಉಪಕರಣದ ರೆಸಲ್ಯೂಷನ್‌ನಿಂದಲೇ ಒಂದಿಷ್ಟು ಅಗಲವಾಗುತ್ತದೆ. ನಿಮ್ಮ ಸ್ಪೆಕ್ಟ್ರಮ್‌ನ ಅತಿ ಚೂಪಾದ ಪೀಕ್ ಎಷ್ಟು ಬಿಂದು ಅಗಲ ಇದೆ, ಎಣಿಸಿ ನೋಡಿ.

ಆ ತಗ್ಗುಗಳಂತೂ ಫಿಲ್ಟರ್ ಹುಟ್ಟಿಸಿದವು. ಸೊನ್ನೆಗಳ ಸಾಲಿನ ನಡುವೆ ಒಂದೇ ಒಂದು 1 ಇಟ್ಟು ಇದೇ 31, 3 ಹಾಕಿ. ಆ 1 ಸುಮಾರು 0.07ಕ್ಕೆ ಇಳಿದು ಗುಂಡಗೆ ಹರಡುತ್ತದೆ. ಎರಡೂ ಬದಿ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ನಿಮಗೆ ಸಿಕ್ಕಿರುವ ಆಕಾರ ಅದೇ ಅಲ್ವಾ?

ಅದೇ ಜಾಗದಲ್ಲಿ ಇನ್ನೆರಡು ಸಲ ಸ್ಪೆಕ್ಟ್ರಮ್ ತೆಗೆಯಿರಿ. ಮೂರರಲ್ಲೂ ಬಂದರೆ ಮುಂದಿನ ಮಾತು. ಯಾವಾಗಲೂ ಮೊದಲು ಸ್ಪೈಕ್ (ಇಂಥ ಒಂದೆರಡು ಬಿಂದುಗಳ ಚಿಮ್ಮು) ತೆಗೆದು, ಆಮೇಲೆ ಫಿಲ್ಟರ್ ಹಾಕಿ ಸ್ಮೂತಿಂಗ್ ಮಾಡಿ.

ಸದಸ್ಯ 1: ಆ ಫಾರ್ವರ್ಡ್ ನನ್ನದು. 31, 3 ಎಲ್ಲಾ ಡೇಟಾಗೂ ನಡೆಯುತ್ತೆ ಮೇಡಂ.

ಮೇಡಂ: ನಡೆಯಲ್ಲ. ಪೀಕ್‌ಗಿಂತ ವಿಂಡೋ ತುಂಬಾ ಅಗಲವಾದರೆ ಪೀಕ್ ಚಪ್ಪಟೆಯಾಗುತ್ತದೆ, ಪಕ್ಕದ ಸಣ್ಣ ಉಬ್ಬು ಅಳಿಸಿಹೋಗುತ್ತದೆ. ಡೇಟಾ ನೋಡದೆ ನಂಬರ್ ಹಂಚಬೇಡಿ.

ಸದಸ್ಯ 2: ವೇವ್ಲೆಟ್ (ಬೇರೆ ಬೇರೆ ಅಗಲದ ಅಲೆಗಳ ಜೊತೆ ಹೋಲಿಸಿ ಪೀಕ್ ಹುಡುಕುವ ವಿಧಾನ) ಬಳಸಿ, ಈ ತಾಪತ್ರಯವೇ ಇಲ್ಲ.

ಸದಸ್ಯ 1: ಅದಕ್ಕೂ ಅಗಲಗಳ ಪಟ್ಟಿ ಕೊಡಬೇಕಲ್ವಾ? ಅದನ್ನ ಯಾರು ಹೇಳ್ತಾರೆ?

ಸದಸ್ಯ 2: ಸ್ವಲ್ಪ ಓದಿಕೊಂಡು ಬನ್ನಿ.

ಸದಸ್ಯ 1: ನಿಮ್ಮ ಪಾಠ ಬೇಡ. ಕೇಳಿದ್ದಕ್ಕೆ ಉತ್ತರ ಕೊಡಿ.

ಪ್ರಶ್ನೆ: ನನ್ನದು ಎಫ್‌ಟಿಐಆರ್ (ಇನ್‌ಫ್ರಾರೆಡ್) ಟ್ರಾನ್ಸ್‌ಮಿಟೆನ್ಸ್ ಡೇಟಾ, ಅಂದರೆ ಹಾದುಹೋದ ಬೆಳಕಿನ ಅಳತೆ, ಪೀಕ್ ಎಲ್ಲಾ ಕೆಳಮುಖ. ಮೊದಲು ಅಬ್ಸಾರ್ಬೆನ್ಸ್‌ಗೆ (ಹೀರಿಕೆಯ ಅಳತೆಗೆ) ಬದಲಿಸಬೇಕಾ?

ಪ್ರಶ್ನೆ: ಮೇಡಂ, ತಗ್ಗು ಹುಡುಕೋದು ಹೇಗೆ?

ಮೇಡಂ: ಮೈನಸ್ ಹಾಕಿ. ಮೇಲೆ ಬರೆದಿದ್ದೇನೆ.

ಸದಸ್ಯ 2: ಪ್ರಾಮಿನೆನ್ಸ್ ಎಲ್ಲಾ ಹಳೇ ಕಾಲದ್ದು.

ಸದಸ್ಯ 1: ನಿಮ್ಮ ವೇವ್ಲೆಟ್ ಆ ಸ್ಪೈಕ್ ಹಿಡಿಯುತ್ತಾ? ಹೌದು ಅಥವಾ ಇಲ್ಲ ಅನ್ನಿ, ಸಾಕು.

ಥೀಸಿಸ್ ವಿದ್ಯಾರ್ಥಿನಿ: ಮೇಡಂ, ಆ ಗ್ರಾಫ್ ಈಗಾಗಲೇ ಗೈಡ್ ಕೈಸೇರಿದೆ.

ಮೇಡಂ: ಇವತ್ತೇ ಫೋನ್ ಮಾಡಿ ಹೇಳಿ. ಕಚ್ಚಾ ಡೇಟಾ ಕೂಡ ಕಳಿಸಿ. ಉಳಿದಿಬ್ಬರು ದಯವಿಟ್ಟು ಬೇರೆ ಕಡೆ ಜಗಳ ಆಡಿ.