ಪದಚರ್ಚೆ: ಕೋವಿಯ ಬಟ್ಟೆಗೆ ಸವರುವುದು ‘ಕೀಲೆಣ್ಣೆ’ಯೋ ‘ಪಸೆ’ಯೋ?

ಬಳಗದ ಎಲ್ಲರಿಗೂ ನಮಸ್ಕಾರ.

ಪದಚರ್ಚೆಯಲ್ಲಿ ಕೋವಿ ಏಕೆ ಬಂತು ಎಂದು ಹುಬ್ಬೇರಿಸಬೇಡಿ. ನಳಿಗೆಯ ಬಾಯಿಂದ ಈಡು (ಮದ್ದು, ಗುಂಡು) ತುಂಬುವ ರೈಫಲ್ ಹೊಡೆಯುವ ಹವ್ಯಾಸಿಯೊಬ್ಬರು ಬರೆದಿಟ್ಟ ಪರೀಕ್ಷೆಯ ಲೆಕ್ಕವನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಕೈಗೆ ಬಂದಿದೆ. ಯಾವ ಜಿಡ್ಡು ಸವರಿದಾಗ, ಯಾವ ಮದ್ದು ಎಷ್ಟು ಹಾಕಿದಾಗ ಗುಂಡುಗಳು ಒಂದೇ ಕಡೆ ಬಿದ್ದವು ಎಂಬುದರ ಪಟ್ಟಿ ಅದು. ಸಲೀಸು ಕೆಲಸ ಅಂದುಕೊಂಡು ಒಪ್ಪಿಕೊಂಡೆ. ಪಟ್ಟಿಯ ತಲೆಬರಹದಲ್ಲೇ ಸಿಕ್ಕಿಬಿದ್ದೆ.

ವಿಷಯ ಹೊಸದಾದವರಿಗೆ ಒಂದೆರಡು ಮಾತು. ಈ ರೈಫಲ್‌ಗೆ ತೋಟಾ ಇಲ್ಲ. ಅಳೆದ ಮದ್ದನ್ನು ನಳಿಗೆಯ ಬಾಯಿಂದ ಸುರಿಯಬೇಕು. ಬಾಯಿಯ ಮೇಲೆ ಒಂದು ಚೂರು ಹತ್ತಿಬಟ್ಟೆ ಹಾಸಿ, ಅದರ ಮೇಲೆ ಸೀಸದ ಗುಂಡು ಇಟ್ಟು, ಬಟ್ಟೆಸಮೇತ ಗಜದಿಂದ (ಈಡು ಒತ್ತುವ ಉದ್ದ ಕೋಲಿನಿಂದ) ಒತ್ತಿ ಮದ್ದಿನ ಮೇಲೆ ಕೂರಿಸಬೇಕು. ಗುಂಡು ನಳಿಗೆಗಿಂತ ತುಸು ಸಣ್ಣದು. 0.50 ಅಂಗುಲದ ನಳಿಗೆಗೆ 0.490 ಅಂಗುಲದ ಗುಂಡು, 0.015 ಅಂಗುಲ ದಪ್ಪದ ಬಟ್ಟೆ ಅಂದರೆ ಸಾಮಾನ್ಯವಾದ ಜೋಡಿ. ಎರಡು ಬದಿಯ ಬಟ್ಟೆ ಸೇರಿಸಿ ಕೂಡಿ ನೋಡಿ, 0.520 ಆಗುತ್ತದೆ, ನಳಿಗೆಗಿಂತ ಹೆಚ್ಚು! ಆ ಹೆಚ್ಚಿನದ್ದೇ ಬಟ್ಟೆಯ ಕೆಲಸ. ನಳಿಗೆಯ ಒಳಮೈಯಲ್ಲಿ ತಿರುಚಿಕೊಂಡು ಸಾಗುವ ಗೀರುಗಳೊಳಗೆ ಬಟ್ಟೆ ಅದುಮಿಕೊಂಡು, ಆ ತಿರುವನ್ನು ಗುಂಡಿಗೆ ದಾಟಿಸುತ್ತದೆ. ಗುಂಡು ಗಿರ್ರನೆ ತಿರುಗುತ್ತ ಹೋಗುವುದು ಅದರಿಂದ. ಬಾಯಿ ದಾಟಿದ ಮೇಲೆ ಬಟ್ಟೆ ಕಳಚಿ ನೆಲಕ್ಕೆ ಬೀಳುತ್ತದೆ.

ಈ ಬಟ್ಟೆಯ ಚೂರಿಗೆ ನಿಘಂಟು ಕೊಡುವುದು ‘ತೇಪೆ’. ನನಗದು ಬೇಡ. ತೇಪೆ ಎಂದರೆ ಹರಿದದ್ದಕ್ಕೆ ಹಚ್ಚುವುದು. ಇಲ್ಲಿ ಏನೂ ಹರಿದಿಲ್ಲ. ‘ಚಿಂದಿ’ ಅಂದರೆ ಲೆಕ್ಕಕ್ಕಿಲ್ಲದ್ದು, ಇದು ನೂಲಿನ ದಪ್ಪವನ್ನೂ ಅಳೆದು ಆರಿಸಿದ್ದು. ಸದ್ಯಕ್ಕೆ ‘ಬಟ್ಟೆಬಿಲ್ಲೆ’ ಎಂದು ಬರೆದಿದ್ದೇನೆ. ದುಂಡಗೆ ಕತ್ತರಿಸಿದ್ದು, ಚಪ್ಪಟೆ, ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಎಲ್ಲ ಅದರಲ್ಲಿ ಬಂತು. ಚೌಕವಾಗಿ ಕತ್ತರಿಸುವವರೂ ಇದ್ದಾರೆ, ಅವರು ನನ್ನನ್ನು ಮನ್ನಿಸಲಿ.

ನಿಜವಾದ ತೊಡಕು ಬಿಲ್ಲೆಗೆ ಸವರುವ ವಸ್ತುವಿನದು. ನಮ್ಮ ವಿಜ್ಞಾನದ ಪುಸ್ತಕಗಳಲ್ಲಿ ಇದಕ್ಕೆ ಎರಡು ಹೆಸರು ಸಿಗುತ್ತವೆ, ‘ಕೀಲೆಣ್ಣೆ’ ಮತ್ತು ‘ಸ್ನೇಹಕ’. ಸ್ನೇಹಕ ಓದಿದವನಿಗೆ ಮೊದಲು ನೆನಪಾಗುವುದು ಗೆಳೆತನ. ಕೀಲೆಣ್ಣೆ ಚೆಂದದ ಮಾತು, ಬಾಗಿಲಿನ ಕೀಲಿಗೂ ಯಂತ್ರದ ಕೀಲಿಗೂ ಒಪ್ಪುತ್ತದೆ. ಕೋವಿಯಲ್ಲಿ ಮಾತ್ರ ಅದು ದಾರಿ ತಪ್ಪಿಸುತ್ತದೆ ಎಂಬುದು ನನ್ನ ವಾದ.

ಏಕೆಂದರೆ ಬಟ್ಟೆಗೆ ಸವರುವುದರ ದೊಡ್ಡ ಕೆಲಸ ಜಾರಿಸುವುದಲ್ಲ. ಈ ಕೋವಿಗೆ ಹಾಕುವ ಕರಿಮದ್ದು ಉರಿದಾಗ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗುವುದೇ ಇಲ್ಲ, ಘನವಾಗಿಯೇ ಉಳಿಯುತ್ತದೆ. ಒಂದಿಷ್ಟು ಬಿಳಿ ಹೊಗೆಯಾಗಿ ಹಾರುತ್ತದೆ, ಉಳಿದದ್ದು ನಳಿಗೆಯ ಒಳಗೆ ಅಂಟುತ್ತದೆ. ಒಣಗಿದರೆ ಗಟ್ಟಿ ಹೊಪ್ಪಳಿಕೆ. ಅದು ಹೀಗೆ ಕಟ್ಟುತ್ತ ಹೋದರೆ ಐದಾರನೆಯ ಗುಂಡು ಅರ್ಧದಾರಿಯಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ, ಗಜಕ್ಕೆ ಮೈಭಾರ ಹಾಕಿದರೂ ಇಳಿಯುವುದಿಲ್ಲ. ಆದ್ದರಿಂದ ಬಿಲ್ಲೆಯ ಮೇಲಿನ ವಸ್ತು ಈ ಮಸಿಯನ್ನು ಮೆದುವಾಗಿ, ತೇವವಾಗಿ ಇಡಬೇಕು. ಹಾಗಿದ್ದರೆ ಮುಂದಿನ ಬಿಲ್ಲೆ ಇಳಿಯುವಾಗ ಹಿಂದಿನ ಮಸಿಯನ್ನು ತಾನೇ ಒರೆಸಿಕೊಂಡು ಹೋಗುತ್ತದೆ. ಜೊತೆಗೆ ಬಟ್ಟೆ ಸುಡದಂತೆಯೂ ಕಾಯುತ್ತದೆ. ಇದಕ್ಕೆ ಒಗ್ಗುವುದು ಪ್ರಾಣಿಯ ಕೊಬ್ಬು, ಜೇನುಮೇಣ ಬೆರೆಸಿದ ಎಣ್ಣೆ, ನೀರಿನಲ್ಲಿ ಕದಡುವ ಎಣ್ಣೆ. ಒಗ್ಗದಿರುವುದು ಯಾವುದು ಗೊತ್ತೇ? ಯಂತ್ರಕ್ಕೆ ಹಾಕುವ ಖನಿಜ ತೈಲ! ಕರಿಮದ್ದಿನ ಮಸಿ ಅದರೊಂದಿಗೆ ಸೇರಿದರೆ ಡಾಂಬರಿನಂಥ ಅಂಟಾಗುತ್ತದೆ. ಎಂದರೆ ‘ಕೀಲೆಣ್ಣೆ’ ಎಂದು ಬರೆದರೆ, ಓದಿದವನು ನೇರ ಹೋಗಿ ಯಾವುದನ್ನು ಹಾಕಬಾರದೋ ಅದನ್ನೇ ಹಾಕುತ್ತಾನೆ.

‘ಜಿಡ್ಡು’ ಪರವಾಗಿಲ್ಲ, ಆದರೆ ಪಟ್ಟಿಯಲ್ಲಿರುವ ಅರ್ಧದಷ್ಟು ವಸ್ತುಗಳಲ್ಲಿ ಜಿಡ್ಡೇ ಇಲ್ಲ. ‘ಕೊಬ್ಬು’ ಎಂದೊಡನೆ ನಮ್ಮ ಕಿವಿಗೆ 1857 ಕೇಳಿಸುತ್ತದೆ. ಎನ್‌ಫೀಲ್ಡ್ ರೈಫಲ್‌ನ ತೋಟಾಕ್ಕೆ ಸವರಿದ ಕೊಬ್ಬಿನ ಸುದ್ದಿಯನ್ನು ಶಾಲೆಯಲ್ಲಿ ಓದದವರು ಯಾರು? ಅದೂ ಬಾಯಿಂದ ತುಂಬುವ ಕೋವಿಯೇ. ಆ ತೋಟಾದ ಕಾಗದವೂ ಗುಂಡಿನ ಜೊತೆ ನಳಿಗೆಗೆ ಇಳಿದು ಹೆಚ್ಚುಕಡಿಮೆ ನಮ್ಮ ಬಿಲ್ಲೆಯ ಕೆಲಸವನ್ನೇ ಮಾಡುತ್ತಿತ್ತು, ಕೊಬ್ಬು ಸವರಿದ್ದೂ ಅದಕ್ಕೇ. ಪಾಠದಲ್ಲಿ ಸಿಪಾಯಿಗಳ ಸಿಟ್ಟು ಬಂತು, ಕೊಬ್ಬು ಏಕೆ ಬೇಕಿತ್ತು ಎಂಬುದು ಬರಲಿಲ್ಲ.

ನನಗೆ ಹಿಡಿಸಿರುವುದು ‘ಪಸೆ’. ಗಂಟಲ ಪಸೆ ಆರಿತು ಅನ್ನುತ್ತೇವೆ, ನೆಲದಲ್ಲಿ ಇನ್ನೂ ಪಸೆ ಇದೆ ಅನ್ನುತ್ತೇವೆ. ನೀರಿನ ತೇವವೂ ಆದೀತು, ತುಸು ಅಂಟಿನ ತೇವವೂ ಆದೀತು. ಕೋವಿಯಲ್ಲಿ ಬೇಕಾಗಿರುವುದು ಇದೇ ಅಲ್ಲವೇ, ಆರದ ಹಾಗೆ ಇಡುವುದು? ‘ಪಸೆಬಿಲ್ಲೆ’, ‘ಪಸೆ ಹಿಡಿಸಿದ ಬಟ್ಟೆ’, ‘ಪಸೆ ಸಾಲದೆ ಸುಟ್ಟಿದೆ’, ಹೀಗೆ ವಾಕ್ಯಗಳೂ ಸರಾಗವಾಗಿ ಕೂರುತ್ತಿವೆ. ಒಪ್ಪದವರು ಹೇಳಿ, ಕೇಳುತ್ತೇನೆ.

ಇನ್ನು ಮದ್ದು. ಬರೀ ‘ಮದ್ದು’ ಎಂದು ಬಿಟ್ಟರೆ ಎರಡು ಕೇಡು. ಒಂದು ನಗೆಯದು: ಕರಡಿನಲ್ಲಿ ‘ಈ ಬಾರಿ ಐದು ಗ್ರೇನ್ ಹೆಚ್ಚು ಮದ್ದು ಹಾಕಿದೆ’ ಎಂದು ಬರೆದದ್ದನ್ನು ಮನೆಯಲ್ಲಿ ಓದಿದವರು ಯಾರಿಗೆ ಹಾಕಿದೆ ಎಂದು ಕೇಳಿದರು. ಇನ್ನೊಂದು ನಗುವಂಥದ್ದಲ್ಲ. ಈಗಿನ ಕೋವಿಗಳ ಹೊಗೆಯಿಲ್ಲದ ಮದ್ದೂ ಮದ್ದೇ. ಕರಿಮದ್ದಿಗೆಂದು ಮಾಡಿದ ನಳಿಗೆಯಲ್ಲಿ ಅದನ್ನು ಹಾಕಿದರೆ ಒತ್ತಡ ತಡೆಯಲಾರದೆ ನಳಿಗೆ ಸಿಡಿಯುತ್ತದೆ, ಹೊಡೆದವನ ಕೈ ಕಣ್ಣು ಹೋಗುತ್ತದೆ. ಹಾಗಾಗಿ ಎಲ್ಲ ಕಡೆ ‘ಕರಿಮದ್ದು’ ಎಂದೇ ಬರೆಯುತ್ತಿದ್ದೇನೆ. ಓದಲು ಬೇಸರವಾದರೆ ಆಗಲಿ.

ಕೆಲವರು ‘ಕರಿಪುಡಿ’ ಎಂದು ಸೂಚಿಸಿದರು. ಅದೂ ಸಲ್ಲ. ಪೆಟ್ಲುಪ್ಪು 75, ಇದ್ದಿಲು 15, ಗಂಧಕ 10 ಪಾಲು ಸೇರಿದ ಈ ಮದ್ದು ರೈಫಲ್‌ಗೆ ಬರುವಾಗ ಪುಡಿಯಾಗಿರುವುದಿಲ್ಲ, ತರಿಯಾಗಿರುತ್ತದೆ. ತರಿಯ ಗಾತ್ರವನ್ನು ಎಫ್ ಅಕ್ಷರದಿಂದ ಹೇಳುತ್ತಾರೆ. ಎಫ್ ಹೆಚ್ಚಿದಷ್ಟೂ ತರಿ ಸಣ್ಣ, ಉರಿ ಚುರುಕು. ದಪ್ಪ ನಳಿಗೆಗೆ ಎರಡು ಎಫ್, ಸಣ್ಣ ನಳಿಗೆಗೆ ಮೂರು ಎಫ್ ಎಂಬುದು ರೂಢಿ. ಚಕಮಕಿ ಕೋವಿಯ ಕಿವಿಯ (ಬೆಂಕಿ ಒಳಹೋಗುವ ತೂತಿನ) ಹತ್ತಿರ ಹಾಕುವ ರಂಜಕಕ್ಕೆ, ಅಂದರೆ ಕಿಡಿ ಹತ್ತಿಸುವ ಮದ್ದಿಗೆ, ನಾಲ್ಕು ಎಫ್. ‘ಎರಡೆಫ್ ತರಿ’, ‘ಮೂರೆಫ್ ತರಿ’ ಎಂದು ಬರೆದಿದ್ದೇನೆ. ತರಿ ಎಂಬ ಮಾತು ನಮ್ಮಲ್ಲಿ ಇರುವಾಗ ಪುಡಿ ಏಕೆ?

‘ಗ್ರೇನ್’ ಎಂಬ ತೂಕದ ಅಳತೆಯನ್ನು ಮಾತ್ರ ದಯವಿಟ್ಟು ಯಾರೂ ಕನ್ನಡಿಸಬೇಡಿ. ಹಿರಿಯರೊಬ್ಬರು ‘ಗುಲಗಂಜಿ’ ಎಂದು ಹಾಕಬಹುದು ಎಂದು ಪ್ರೀತಿಯಿಂದ ಬರೆದಿದ್ದರು. ಚೆಂದ ಕೇಳಿಸುತ್ತದೆ, ಒಪ್ಪುತ್ತೇನೆ. ಆದರೆ 180 ಗ್ರೇನ್‌ಗೆ ಒಂದು ತೊಲ, ತೊಲಕ್ಕೆ 96 ಗುಲಗಂಜಿ. ಭಾಗಿಸಿ ನೋಡಿ: ಒಂದು ಗುಲಗಂಜಿ ಎಂದರೆ 1.875 ಗ್ರೇನ್. 70 ಗ್ರೇನ್ ಮದ್ದನ್ನು 70 ಗುಲಗಂಜಿ ಎಂದು ಓದಿಕೊಂಡವನು 131 ಗ್ರೇನ್ ಸುರಿಯುತ್ತಾನೆ.

ಇದಕ್ಕೆ ಅಂಟಿಕೊಂಡೇ ಇನ್ನೊಂದು. ಕರಿಮದ್ದಿನವರು ಗ್ರೇನ್ ಎಂದು ತೂಕದ ಹೆಸರು ಹೇಳುತ್ತಾರೆ, ಆದರೆ ತೂಗುವುದಿಲ್ಲ, ಅಳತೆಯ ಕೊಳವೆಯಲ್ಲಿ ಅಳೆಯುತ್ತಾರೆ. ಪೈರೋಡೆಕ್ಸ್‌ನಂಥ ಬದಲಿ ಮದ್ದು ಕರಿಮದ್ದಿಗಿಂತ ಹಗುರ. ಅದನ್ನೂ ಅದೇ ಕೊಳವೆಯಲ್ಲಿ ಅಳೆಯಬೇಕು, ಅಷ್ಟೇ ತೂಕ ತೂಗಿ ಹಾಕಿದರೆ ಹೆಚ್ಚಾಗುತ್ತದೆ. ನಾವು ‘ಅಳೆದು ತೂಗಿ’ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವವರು. ಇಲ್ಲಿ ಅಳೆದದ್ದು ಬೇರೆ, ತೂಗಿದ್ದು ಬೇರೆ. ‘ಅಳತೆ ಗ್ರೇನ್’ ಎಂದು ಹಾಕಿ ಕೈತೊಳೆದುಕೊಂಡಿದ್ದೇನೆ.

‘ನಿಖರತೆ’ಯ ಬಗ್ಗೆ ಹೆಚ್ಚು ಬೆಳೆಸುವುದಿಲ್ಲ. ಪರೀಕ್ಷೆ ಮಾಡುವವನು ನೋಡುವುದು ಗುಂಡು ನಡುವಿನ ಚುಕ್ಕೆಗೆ ಬಿತ್ತೇ ಎಂದಲ್ಲ, ಐದೂ ಗುಂಡು ಒಂದಕ್ಕೊಂದು ಎಷ್ಟು ಹತ್ತಿರ ಬಿದ್ದಿವೆ ಎಂದು. ನಡುವಿನಿಂದ ನಾಲ್ಕು ಅಂಗುಲ ಆಚೆ ಬಿದ್ದರೂ ಐದೂ ಒತ್ತಾಗಿದ್ದರೆ ಈಡು ಚೆನ್ನಾಗಿದೆ ಎಂದರ್ಥ, ಉಳಿದದ್ದು ಕೋವಿಯ ಗುರಿನೋಟ ಸರಿಪಡಿಸಿದರೆ ಆಯಿತು. ಇದಕ್ಕೆ ‘ಗೊಂಚಲು’ ಎಂದಿದ್ದೇನೆ: ಬಿಗಿ ಗೊಂಚಲು, ಚೆದುರಿದ ಗೊಂಚಲು. ‘ಗುಂಪು’ ಎಂದರೆ ಜನ ನೆನಪಾಗುತ್ತಾರೆ. ಮದ್ದು, ಬಿಲ್ಲೆ, ಪಸೆ ಇವುಗಳಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತ ಬಿಗಿ ಗೊಂಚಲು ಹುಡುಕುವ ಕೆಲಸಕ್ಕೆ ‘ಈಡು ಹದ ಮಾಡುವುದು’ ತಾನಾಗಿ ಬಂತು, ಹುಡುಕಬೇಕಾಗಲಿಲ್ಲ.

ಕನ್ನಡ ನನ್ನ ಕೈ ಹಿಡಿದದ್ದು ಹೊಡೆದ ಬಿಲ್ಲೆಗಳ ಪುಟದಲ್ಲಿ. ನಳಿಗೆಯ ಮುಂದೆ ನಾಲ್ಕಾರು ಮಾರು ದೂರದಲ್ಲಿ ಬಿದ್ದ ಬಿಲ್ಲೆಗಳನ್ನು ಹೆಕ್ಕಿ ತಂದು, ಬಿಡಿಸಿ, ಚಿತ್ರ ತೆಗೆದಿದ್ದಾರೆ. ಚೆನ್ನಾಗಿರುವ ಬಿಲ್ಲೆಯ ನಡುವೆ ಗುಂಡು ಕೂತ ಕಡೆ ಒಂದು ಮಸಿಯ ವೃತ್ತ, ಅದರ ಸುತ್ತ ಗೀರುಗಳು ಒತ್ತಿದ ಅಚ್ಚು ಸೂರ್ಯನ ಕಿರಣದ ಹಾಗೆ, ಅಂಚು ಮಾತ್ರ ಜೂಲುಜೂಲು. ಕೆಟ್ಟವುಗಳಿಗೆ ಮೂಲದಲ್ಲಿ ಎರಡು ಮೂರು ಮಾತೇ ಸುತ್ತಿ ಸುತ್ತಿ ಬರುತ್ತವೆ. ನಮ್ಮಲ್ಲಿ ನೋಡಿ: ವೃತ್ತದ ಅಂಚಿನಲ್ಲಿ ಕತ್ತಿ ತಾಗಿದಂತೆ ಸೀಳಿದ್ದರೆ ‘ಕೊಯ್ದಿದೆ’, ಹೊಸ ನಳಿಗೆಯ ಗೀರುಗಳ ಏಣು ಇನ್ನೂ ಹರಿತ. ನೂಲು ಒತ್ತಡ ತಾಳದೆ ಬಿಟ್ಟಿದ್ದರೆ ‘ಪಿಸಿದಿದೆ’, ಬಟ್ಟೆ ತೆಳು ಅಥವಾ ಹಳೆಯದು. ಕಂದಾಗಿ ಮುಟ್ಟಿದರೆ ಉದುರುವಂತಿದ್ದರೆ ‘ಕರಿಕಾಗಿದೆ’, ಪಸೆ ಸಾಲದು. ಹೆಸರಿನಲ್ಲೇ ಕಾರಣ ಕೂತಿದೆ. ಇಲ್ಲಿ ನಾನು ಅನುವಾದ ಮಾಡಲಿಲ್ಲ, ಚಿತ್ರ ನೋಡಿ ಬರೆದೆ.

ಈಗ ಬಳಗದ ಮುಂದೆ ನನ್ನ ಪ್ರಶ್ನೆ. ಪಟ್ಟಿಯ ಮೊದಲ ಸಾಲಿನಲ್ಲಿರುವ ಪಸೆ ಎಲ್ಲಕ್ಕಿಂತ ಹಳೆಯದು, ಕಾಸು ಕೇಳದ್ದು: ಬಾಯಿಯ ನೀರು. ಬಿಲ್ಲೆಯನ್ನು ಬಾಯಲ್ಲಿಟ್ಟು ಒದ್ದೆ ಮಾಡಿ ಹಾಗೇ ಗುಂಡಿಗೆ ಸುತ್ತುವುದು. ಗುರಿ ಪಂದ್ಯಕ್ಕೆ ಇದು ಬಹಳ ಚೆನ್ನಾಗಿ ಒಗ್ಗುತ್ತದೆ, ತುಂಬಿದೊಡನೆ ಹೊಡೆದುಬಿಡುವುದರಿಂದ. ತುಂಬಿಟ್ಟು ಕಾಯುವವರಿಗೆ ಆಗದು, ನಳಿಗೆಯಲ್ಲಿ ತುಕ್ಕು ಹಿಡಿಯುತ್ತದೆ. ಇದನ್ನು ಏನೆನ್ನಲಿ? ‘ಎಂಜಲುಬಿಲ್ಲೆ’ ಎಂದರೆ ಮೈಲಿಗೆಯ ವಾಸನೆ. ‘ಉಗುಳುಬಿಲ್ಲೆ’ ಎಂದರೆ ಥೂ ಎಂದು ಉಗಿದಂತೆ, ಇಲ್ಲಿ ಯಾರೂ ಉಗಿಯುವುದಿಲ್ಲ. ‘ಜೊಲ್ಲುಬಿಲ್ಲೆ’ ಮಗುವಿನ ಎದೆಗೆ ಕಟ್ಟುವ ಬಟ್ಟೆಯಾಯಿತು. ಪಸೆಯನ್ನು ನೀವು ಒಪ್ಪಿದರೆ ‘ಬಾಯಿಪಸೆ’ ಎಂದು ಹಾಕುವ ಮನಸ್ಸಿದೆ. ಇದಕ್ಕಿಂತ ಒಳ್ಳೆಯದು ಯಾರ ಕಿವಿಗಾದರೂ ಬಿದ್ದಿದ್ದರೆ ತಿಳಿಸಿ, ಆ ಸಾಲೊಂದನ್ನು ಖಾಲಿ ಇಟ್ಟಿದ್ದೇನೆ.

ಬರೆದು ಮುಗಿಸಿದ ಮೇಲೆ ನೆನಪಾಯಿತು: ನಳಿಗೆಗೆ ಅಂಟುವ ಮಸಿಗೆ ಮೇಲೆ ಒಮ್ಮೆ ‘ಹೊಪ್ಪಳಿಕೆ’, ಉಳಿದೆಡೆ ‘ಮಸಿ’ ಎಂದಿದ್ದೇನೆ. ‘ಕಿಟ್ಟ’ ಇನ್ನೂ ಸರಿಯೇನೋ. ಕಬ್ಬಿಣದ ಕಿಟ್ಟ, ದೀಪದ ಕಿಟ್ಟ ಎರಡನ್ನೂ ಬಲ್ಲವರು ಹೇಳಬೇಕು.